ಬದುಕಿದ್ದಾಗಲೇ ಅತ್ತ ಮನೆ

ಜನರನ್ನು ನಗಿಸುವುದು ನನ್ನ ಕಸುಬು. ಎಲ್ಲಿ ಕಲಿತೆ ಎಂದು ಯಾರಾದರೂ ಕೇಳಿದರೆ, ಹೆಣದ ಮುಂದೆ ಎನ್ನುತ್ತೇನೆ. ತಮಾಷೆ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ.

ತೊಂಬತ್ತರ ದಶಕದ ಗುಂಡ್ಲುಪೇಟೆಯಲ್ಲಿ ಅಪ್ಪನದು ಈರುಳ್ಳಿ ಮಂಡಿ. ಅಪ್ಪನ ಅವ್ವ, ನನ್ನಜ್ಜಿ, ಹಾಡಿಕೊಂಡು ಅಳುವುದರಲ್ಲಿ ಹೆಸರು ಮಾಡಿದವಳು. ಸುತ್ತಲ ಊರುಗಳಲ್ಲಿ ಯಾರು ಸತ್ತರೂ ಹೋಗಿ, ಅವರ ಗುಣವನ್ನು ರಾಗವಾಗಿ ಹೇಳಿ ಅತ್ತು ಬರುತ್ತಿದ್ದಳು. ಅವಳಿಗಿದ್ದುದು ಒಂದೇ ಕೊರಗು: ತನ್ನ ಸಾವಿನ ಹಾಡು ತನಗೇ ಕೇಳಿಸುವುದಿಲ್ಲವಲ್ಲ. ಅದಕ್ಕೆ ಪ್ರತಿ ಸೋಮವಾರ ಪೂಜೆ ಮುಗಿಸಿ, ಗೋಡೆಗೊರಗಿ ಕಣ್ಣು ಮುಚ್ಚಿ ಕೂತು, ನಮ್ಮನ್ನು ಅಳಿಸಿ ಕೇಳುತ್ತಿದ್ದಳು. ಅತ್ತೆ ಸತ್ತ ಆರು ತಿಂಗಳಿಗೆ ಸೊಸೆ ಅತ್ತಳಂತೆ ಎನ್ನುತ್ತಾರೆ. ನಮ್ಮಮ್ಮ ಬದುಕಿರುವ ಅತ್ತೆಗೆ ವಾರವಾರ ಅತ್ತವಳು. ಒಮ್ಮೆ ಈರುಳ್ಳಿ ತುಂಬಲು ಬಂದ ಕೇರಳದ ಲಾರಿ ಡ್ರೈವರ್ ನಮ್ಮ ಗೋಳು ಕೇಳಿ ಜಗಲಿಯಲ್ಲಿ ತಲೆ ತಗ್ಗಿಸಿ ಕೂತುಬಿಟ್ಟ. ಸತ್ತವಳೇ ಎದ್ದು ಬಂದು ಅವನಿಗೆ ಕಾಫಿ ಕೊಟ್ಟಳು.

‘ಧರ್ಮಾತ್ಮಳೇ’ ಎಂದು ನಾನು ಹಾಡು ಶುರು ಮಾಡಿದರೆ ಅಜ್ಜಿ ಒಂದು ಕಣ್ಣು ತೆರೆದು ಗದರುತ್ತಿದ್ದಳು. “ಸುಳ್ ಯಾಕಮ್ಮಿ ಯೋಳ್ತಿಯೆ? ನಾ ಎಂಗಿವ್ನೋ ಅಂಗೇ ಯೋಳು.” ಒಂದು ದಿನ, ‘ಬೆಲ್ಲದ ಡಬ್ಬಕ್ಕೆ ಬೀಗ ಹಾಕಿ, ಬೀಗದ ಕೈ ಕಳೆದು, ಇರುವೆಗೆ ಮಾತ್ರ ದಾರಿ ಬಿಟ್ಟವಳೇ’ ಎಂದು ಹಾಡಿದೆ. ಬಿದ್ದು ಬಿದ್ದು ನಕ್ಕಳು. “ಇನ್ನೊಂದ್ಸಲ ಯೋಳಮ್ಮಿ” ಎಂದಳು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಉಸಿರು ಹಿಡಿಯಬೇಕು, ಎಲ್ಲ ನನಗೆ ಬಂದದ್ದು ಆ ಗೋಡೆಯ ಬುಡದಲ್ಲೇ. ತಾನು ಸತ್ತ ದಿನವೂ ಹೀಗೇ ಹಾಡಬೇಕೆಂದು ಭಾಷೆ ತೆಗೆದುಕೊಂಡಳು. ನೆಂಟರ ಮುಂದೆ ಮಾನ ಹೋಗುತ್ತದೆ, ಆವತ್ತು ಬಾಯಿ ಬಿಚ್ಚಕೂಡದು ಎಂದು ಅಪ್ಪ ಎಚ್ಚರಿಸಿದರು.

ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಅಜ್ಜಿ ಹೋದಳು. ನಮ್ಮಲ್ಲಿ ಹೆಣವನ್ನು ಕೂರಿಸುತ್ತಾರೆ. ಅದೇ ಗೋಡೆ, ಮುಚ್ಚಿದ ಅದೇ ಕಣ್ಣು, ಹಣೆ ತುಂಬ ವಿಭೂತಿ. ಸಂತೆಮರಹಳ್ಳಿಯ ನೆಂಟರು ಅವಳನ್ನು ಸಾಕ್ಷಾತ್ ದೇವತೆ ಎಂದು ಹೊಗಳಿ ಅಳುತ್ತಿದ್ದರು. ನನಗೆ ಸಿಟ್ಟು ಬಂತು. ಅಪ್ಪನ ಮುಖ ನೋಡದೆ ಬೆಲ್ಲದ ಡಬ್ಬದ ಹಾಡು ತೆಗೆದೆ. ಇರುವೆಯ ಮಾತು ಬಂದಾಗ ಯಾರೋ ಕಿಸಕ್ಕೆಂದರು, ಆಮೇಲೆ ಮನೆಯೆಲ್ಲ ನಕ್ಕಿತು. ರೂಢಿಯಂತೆ ಅಜ್ಜಿಯ ಕಡೆ ನೋಡಿದೆ. ಅವಳು ಕಣ್ಣು ತೆರೆಯಲಿಲ್ಲ. ಹಾಡು ಅಲ್ಲೇ ನಿಂತು, ಅಳು ಒತ್ತರಿಸಿ ಬಂತು.

ಅಪ್ಪ ಎದ್ದು ಬಂದರು. ಬೈಯುತ್ತಾರೆ ಅಂದುಕೊಂಡೆ. ಪಕ್ಕದಲ್ಲಿ ಕೂತು ಟವೆಲಿನಿಂದ ಮುಖ ಒರೆಸಿಕೊಂಡರು.

“ಇನ್ನೊಂದ್ಸಲ ಯೋಳಮ್ಮಿ” ಎಂದರು.