ಎಲ್ಲಿಗೂ ಜೋಡಿಸದ ಗೇಜು

ಹೊಸ ಗಾಡಿಯ ಚಕ್ರದಡಿ ಲಿಂಬೆಹಣ್ಣು ಇಟ್ಟು ಹಾಯಿಸುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ನರಗುಂದದಲ್ಲಿ ಹೆದ್ದಾರಿಯ ಪಕ್ಕದಲ್ಲೇ ಎಂಜಿನ್ನಿಗೆ ಒತ್ತಡದಲ್ಲಿ ಗಾಳಿ ತುಂಬುವ ಟರ್ಬೊಗಳ ರಿಪೇರಿ ಅಂಗಡಿ ನನ್ನದೊಂದಿದೆ. ಲಾರಿ ಚಾಲಕರ ದೆವ್ವದ ಕಥೆಗಳನ್ನು ಬೇಕಾದಷ್ಟು ಕೇಳಿದ್ದೇನೆ. ಕೇಳಿ, "ನಿದ್ದಿಗೆಟ್ಟು ಗಾಡಿ ಹೊಡದ್ರ ಹಂಗಽ ಕಾಣತೈತಿ" ಎಂದು ಮುಖಕ್ಕೆ ಹೊಡೆದಂತೆ ಹೇಳಿ ಕಳಿಸಿದ್ದೇನೆ. ಇಂಥ ನಾನು ಈಗ ಇದನ್ನು ಬರೆಯಲು ಕೂತಿದ್ದೇನೆ. ನಗುವುದಾದರೆ ನಗಿ. ನಿಮ್ಮ ಜಾಗದಲ್ಲಿ ನಾನಿದ್ದರೂ ನಗುತ್ತಿದ್ದೆ.

ನಡೆದದ್ದು ಕತ್ತಲಲ್ಲಲ್ಲ, ಸುಡುಗಾಡಿನ ಹತ್ತಿರವೂ ಅಲ್ಲ. ಕೆಲವು ವರ್ಷಗಳ ಹಿಂದೆ, ಬೇಸಿಗೆಯ ಮಟಮಟ ಮಧ್ಯಾಹ್ನ, ರೋಣದಲ್ಲಿ ನನ್ನ ಅಣ್ಣನ ಗ್ಯಾರೇಜಿನಲ್ಲಿ.

ಅಣ್ಣನ ವಿಷಯ ಮೊದಲೇ ಹೇಳಿಬಿಡುತ್ತೇನೆ. ನನಗೂ ಅವನಿಗೂ ಆಗಿಬರುವುದಿಲ್ಲ. ಅಪ್ಪ ಸತ್ತ ಮೇಲೆ ಅಂಗಡಿ ಪಾಲಾಯಿತು. ಅವನು ರೋಣದಲ್ಲಿ ಉಳಿದ, ನಾನು ನರಗುಂದಕ್ಕೆ ಬಂದೆ. ನಾನು ಹುಟ್ಟಿದಾಗಿನಿಂದ ಒಂದು ಬೋಲ್ಟನ್ನೂ ನೆಟ್ಟಗೆ ಬಿಗಿದವನಲ್ಲ ಎಂದು ಅವನು ಯಾವಗಲ್ ಊರಿನವರೆಗೆ ಸಾರಿಕೊಂಡು ಬಂದ. ನಾನೂ ಸುಮ್ಮನೆ ಕೂಡಲಿಲ್ಲ. ಅವನಿಗೆ ಕೈಯಿದೆ, ತಲೆಯಿಲ್ಲ ಎಂದು ಸಿಕ್ಕಸಿಕ್ಕವರಿಗೆ ಹೇಳಿದೆ. ಒಂದೇ ಮದುವೆಯ ಪಂಕ್ತಿಯಲ್ಲಿ ಕೂತರೂ ಮುಖ ತಿರುಗಿಸಿಕೊಂಡೇ ಉಣ್ಣುತ್ತಿದ್ದೆವು.

ಕೈಯಿದ್ದದ್ದಂತೂ ಖರೆ. ನಮ್ಮ ಕಡೆ ಎರಡು ಟ್ರ್ಯಾಕ್ಟರುಗಳಿಗೆ ಹಿಂದಿನಿಂದ ಸರಪಳಿ ಬಿಗಿದು ಒಂದನ್ನೊಂದು ಜಗ್ಗಿಸುವ ಪಂದ್ಯಗಳು ನಡೆಯುತ್ತವೆ. ಚಿಕ್ಕನರಗುಂದದಿಂದ ಹೊಳೆಆಲೂರಿನವರೆಗೆ ಪಂದ್ಯಕ್ಕಿಳಿಯುವವರೆಲ್ಲ ಅಣ್ಣನ ಹತ್ತಿರ ಬರುತ್ತಿದ್ದರು. ಅವನು ಟರ್ಬೊದ ಗಾಳಿಯ ಒತ್ತಡ, ಅಂದರೆ ಬೂಸ್ಟ್, ಮನಸ್ಸಿಗೆ ಬಂದಷ್ಟು ಏರಿಸುತ್ತಿದ್ದ. ಆಮೇಲೆ ಬೋಲ್ಟು ತಿರುವುವ ಪಾನಾಕ್ಕೆ ಉದ್ದನೆಯ ಪೈಪು ತೊಡಿಸಿ, ಮೈಭಾರವನ್ನೆಲ್ಲ ಹಾಕಿ, ಎಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ಡನ್ನು ಕೆಳಗಿನ ಬ್ಲಾಕಿಗೆ ಹಿಡಿದಿಡುವ ಹೆಡ್ ಬೋಲ್ಟುಗಳನ್ನು ಬಿಗಿಯುತ್ತಿದ್ದ. ಟ್ರ್ಯಾಕ್ಟರಿನ ಬ್ಲಾಕು ಬೀಡು ಕಬ್ಬಿಣದ್ದು, ಎಂಥ ದಬ್ಬಾಳಿಕೆಯನ್ನೂ ತಡೆದುಕೊಳ್ಳುತ್ತದೆ. ಬಿಗಿ ಹೆಚ್ಚಾದಷ್ಟೂ ಚಲೋ ಎಂಬುದು ನಮ್ಮ ಕಡೆಯ ಮೇಸ್ತ್ರಿಗಳ ಕೈಗೆ ಅಂಟಿದ ರೂಢಿ.

ನಮ್ಮ ತಂಗಿ ಶಾಂತಾಳ ಗಂಡ ಮಂಜುನಾಥ, ಗಜೇಂದ್ರಗಡದ ಗುಡ್ಡದ ಮೇಲಿನ ಗಾಳಿಯಂತ್ರಗಳ ರಿಪೇರಿ ಕೆಲಸದಲ್ಲಿದ್ದ. ಒಂದು ಹಳೆಯ ಪೆಟ್ರೋಲ್ ಟರ್ಬೊ ಕಾರು ತಂದಿದ್ದ. ಆ ಯಂತ್ರಗಳ ನಡುವಿನ ಖಾಲಿ ರಸ್ತೆಯಲ್ಲಿ ರಜೆಯ ದಿನ ಅವನೂ ಅವನ ಜೊತೆಯವರೂ ಕಾರು ಓಡಿಸಿ ಪಂದ್ಯ ಕಟ್ಟುತ್ತಿದ್ದರು. ಒಂದು ದಿನ ನನ್ನ ಅಂಗಡಿಗೆ ಬಂದು, "ಅಣ್ಣಾರ, ಇದರ ಬ್ಲಾಕ್ ಅಲ್ಯೂಮಿನಿಯಂದು. ಬೂಸ್ಟ್ ಎಷ್ಟರ ತನಕಾ ತಡೀತೈತ್ರಿ?" ಎಂದು ಕೇಳಿದ.

ಅದಕ್ಕೆ ಒಂದೇ ಅಂಕಿ ಇಲ್ಲ ಎಂದು ಹೇಳಿದೆ. ಸಿಲಿಂಡರಿನ ಸುತ್ತ ಆಧಾರ ಎಷ್ಟಿದೆ, ಪೆಟ್ರೋಲು ಎಂಥದು, ಬಿಸಿ ಎಷ್ಟು ಏರುತ್ತದೆ, ಬೋಲ್ಟುಗಳನ್ನು ಬಿಗಿದದ್ದು ಹೇಗೆ, ಎಲ್ಲ ನೋಡಬೇಕು. ಒತ್ತಡವೊಂದೇ ಬ್ಲಾಕನ್ನು ಒಡೆಯುವುದಿಲ್ಲ. ಒತ್ತಡ ಹೆಚ್ಚಾಗಿ ಪೆಟ್ರೋಲು ಹೊತ್ತಲ್ಲದ ಹೊತ್ತಿಗೆ ಸಿಡಿಯಲು ಶುರುವಾದರೆ ಆ ಬಡಿತ ಒಡೆಯುತ್ತದೆ. ಅವನ ಕಾರನ್ನು ನೋಡಿ ಹದಿನಾಲ್ಕು ಪೌಂಡ್ ಸಾಕು, ಮೇಲೆ ಹೋಗಬೇಡ ಎಂದೆ. ಅವನಿಗೆ ರುಚಿಸಲಿಲ್ಲ. ಸೀದಾ ರೋಣಕ್ಕೆ ಹೋದ. ನಾನು ಹದಿನಾಲ್ಕು ಅಂದೆನೆಂದು ಕೇಳಿದ್ದೇ ತಡ, ಅಣ್ಣ ಇಪ್ಪತ್ತೆರಡಕ್ಕೆ ಏರಿಸಿಕೊಟ್ಟ.

ಶಾಂತಾ ನನಗೆ ಫೋನ್ ಮಾಡಿದಳು. ಅಳಲಿಲ್ಲ, ಬೈದಳು. "ಒಬ್ಬಾಂವ ಹದಿನಾಲ್ಕ ಅಂತೀರಿ, ಒಬ್ಬಾಂವ ಇಪ್ಪತ್ತೆರಡ ಅಂತೀರಿ. ನಿಮ್ಮಿಬ್ಬರ ಜಗಳಾ ನನ್ನ ಗಂಡನ ಜೀವದ ಮ್ಯಾಲ ಆಡಬ್ಯಾಡ್ರಿ. ಹೋಗಿ ಇಬ್ಬರೂ ಕೂಡಿ ಒಂದು ಮಾತು ಹೇಳ್ರಿ ಅವರಿಗೆ." ಬರುವ ಐತವಾರವೇ ಪಂದ್ಯವಿತ್ತು. ಅವಳ ಸಲುವಾಗಿ, ಅವಳೊಬ್ಬಳ ಸಲುವಾಗಿ, ಎಷ್ಟೋ ವರ್ಷದ ಮೇಲೆ ಅಣ್ಣನ ಗ್ಯಾರೇಜಿನ ಮೆಟ್ಟಿಲು ಹತ್ತಿದೆ.

ಕಾರು ಒಳಗೆ ನಿಂತಿತ್ತು. ಬೆಳಿಗ್ಗೆಯಿಂದ ಚಾಲೂ ಮಾಡಿರಲಿಲ್ಲ, ಬಾನೆಟ್ ಮುಟ್ಟಿದರೆ ತಣ್ಣಗಿತ್ತು. ಮಂಜುನಾಥ ಬಾಗಿಲಲ್ಲಿ ನಿಂತಿದ್ದ. ಬೂಸ್ಟ್ ತೋರಿಸುವ ಹೊಸ ಗೇಜನ್ನು ಇನ್ನೂ ಕಾರಿಗೆ ಕೂಡಿಸಿರಲಿಲ್ಲ. ಅದು ಬೆಂಚಿನ ಮೇಲೆ ಅಂಗಾತ ಬಿದ್ದಿತ್ತು. ಅದರ ಸಣ್ಣ ರಬ್ಬರ್ ನಳಿಕೆ ಬೆಂಚಿನಂಚಿನಿಂದ ಕೆಳಗೆ ಜೋತುಬಿದ್ದಿತ್ತು. ವೈರಿನ ಗೇಜಲ್ಲ ಅದು. ನಳಿಕೆಯಲ್ಲಿ ಗಾಳಿ ಒತ್ತಿದರೆ ಮಾತ್ರ ಮುಳ್ಳು ಏಳುವಂಥದು.

ಬೆಂಚಿನ ಆ ಕಡೆ ಅಣ್ಣ, ಈ ಕಡೆ ನಾನು. ಕುಂದರು ಎಂದೂ ಅವನು ಅನ್ನಲಿಲ್ಲ.

"ಹೆಡ್ ಬೋಲ್ಟ್ ಹ್ಯಾಂಗ ಬಿಗದಿ?" ಎಂದೆ.

"ಅಪ್ಪ ಕಲಿಸಿದಂಗ."

"ಅಪ್ಪ ಕಲಿಸಿದ್ದು ಬೀಡಿಗೆ. ಇದು ಅಲ್ಯೂಮಿನಿಯಂ. ಪೈಪ್ ಹಾಕಿ ಬಿಗದ್ರ ಬ್ಲಾಕಿನಾಗಿನ ಥ್ರೆಡ್ಡಿನ ಸುತ್ತು ಕಿತ್ತು ಬರ್ತಾವ. ಮ್ಯಾಲ ಬಿಗಿ ಕಂಡ್ರೂ ಒಳಗ ಹಿಡತ ಇರಂಗಿಲ್ಲ."

"ನರಗುಂದದಾಗ ಕುಂತು ಹಳೀ ಟರ್ಬೊ ತೊಳ್ಯಾಂವ ನೀ, ನನಗ ಹೇಳಾಕ ಬಂದಿಯೇನ?"

"ಅಷ್ಟು ಖಾತ್ರಿ ಇದ್ರ ಐತವಾರ ಅವನ ಬಾಜೂಕ ನೀನಽ ಕುಂದರು."

"ಕುಂದರ್ತೀನಿ. ನಿನ್ನಂಗ ಅಂಜಾಂವ ಅಲ್ಲ ನಾ."

ಅಷ್ಟರಲ್ಲಿ ಮಂಜುನಾಥ, "ಅದನ್ನ ನೋಡ್ರಿ" ಎಂದ. ಗೇಜಿನ ಮುಳ್ಳು ಏಳುತ್ತಿತ್ತು. ಸುಮ್ಮನೆ ಅದುರಿದ್ದಲ್ಲ. ಓಡುತ್ತಿರುವ ಗಾಡಿಯ ಟರ್ಬೊ ಗಾಳಿ ತುಂಬಿಕೊಳ್ಳುವಾಗ ಹೇಗೆ ಏಳುತ್ತದೋ ಹಾಗೆ, ಮೊದಲು ನಿಧಾನವಾಗಿ, ಆಮೇಲೆ ಸರಸರನೆ. ಹತ್ತು ದಾಟಿತು, ಹದಿನಾಲ್ಕು ದಾಟಿತು, ಹದಿನೆಂಟರ ಮೇಲೆ ನಿಂತು ನಡುಗಿತು. ನಾನು ಬಗ್ಗಿ ನಳಿಕೆಯ ತುದಿ ಹಿಡಿದೆ. ಬಾಯಿ ತೆರೆದೇ ಇತ್ತು, ಗಾಳಿಯ ಸುಳಿವಿಲ್ಲ. ಮುಳ್ಳು ಮಾತ್ರ ಕೆಳಗಿಳಿಯಲಿಲ್ಲ. ಮರುಗಳಿಗೆ ಕತ್ತರಿಸಿದಂತೆ ಸೊನ್ನೆಗೆ ಬಿತ್ತು. ಅದರ ಹಿಂದೆಯೇ ಎಂಜಿನ್ ತಣಿಸುವ ಕೂಲಂಟ್ ನೀರು ಕುದಿದಾಗಿನ ಸಿಹಿ ವಾಸನೆ ಗ್ಯಾರೇಜಿನ ತುಂಬ ಹರಡಿತು. ಅಲ್ಲಿ ಬಿಸಿಯಾದ ಎಂಜಿನ್ ಒಂದೂ ಇರಲಿಲ್ಲ.

ಮೂವರೂ ನೋಡಿದೆವು, ಮೂವರ ಮೂಗಿಗೂ ವಾಸನೆ ಬಂತು. ಮೊದಲು ಬಾಯಿ ಬಿಟ್ಟವನು ಅಣ್ಣ. "ಆಟ ಹಚ್ಚೀ ಏನ್? ಏನ್ ತಂದು ಇಟ್ಟಿ ಇಲ್ಲಿ?" ಎಂದ. ನನ್ನನ್ನು ಮೂರ್ಖನನ್ನಾಗಿ ಮಾಡಲು ಅವನೇ ಏನೋ ಹೂಡಿದ್ದಾನೆಂದು ನನಗೂ ಅನ್ನಿಸಿತ್ತು. ಹಾಗಂತ ಮುಖದ ಮೇಲೇ ಹೇಳಿದೆ. ಅವನು ಗೇಜನ್ನು ಎತ್ತಿ ಹಿಡಿದು, "ಇದನ್ನಽ ಕಾರಿಗೆ ಹಚ್ಚತೀನಿ, ನೋಡು" ಎಂದ. ಮಂಜುನಾಥನಿಗೆ ಪಂದ್ಯಕ್ಕೆ ಹೋಗಬೇಡ ಎಂದು ಬೇಡಿಕೊಂಡೆ. ಅವನು ಪೆಚ್ಚುನಗೆ ನಕ್ಕ. ಇಬ್ಬರು ಅಣ್ಣಂದಿರ ನಡುವೆ ಅಂಜಿದವನು ಅನ್ನಿಸಿಕೊಳ್ಳಲು ಅವನಿಗೆ ಮನಸ್ಸಿರಲಿಲ್ಲ.

ಐತವಾರ ಬೆಳಿಗ್ಗೆ ಗುಡ್ಡದ ಮೇಲೆ ಶಾಂತಾಳ ಜೊತೆ ನಾನೂ ನಿಂತಿದ್ದೆ. ಅವಳು ಗಂಡನ ಕಾಲು ಹಿಡಿಯುವುದೊಂದನ್ನು ಬಿಟ್ಟು ಎಲ್ಲ ಮಾಡಿ ನೋಡಿದ್ದಳು. ಅಣ್ಣ ಮಾತಿಗೆ ತಪ್ಪಲಿಲ್ಲ, ಎಡಗಡೆಯ ಸೀಟಿನಲ್ಲಿ ಕೂತ. ನನ್ನ ಕಡೆ ನೋಡಲಿಲ್ಲ. ರಸ್ತೆಯ ಕೊನೆಗೆ ಒಂದು ತಿರುವು, ತಿರುವಿಗೆ ಎದುರಾಗಿ ಗಾಳಿಯಂತ್ರದ ಕಾಂಕ್ರೀಟ್ ಬುಡ.

ಕಾರು ಚಲೋ ಹೊರಟಿತು. ತಿರುವು ಇನ್ನು ಸ್ವಲ್ಪ ದೂರವಿದೆ ಅನ್ನುವಾಗ ಎಂಜಿನ್ನಿನ ಸದ್ದು ಇದ್ದಕ್ಕಿದ್ದಂತೆ ಸತ್ತುಹೋಯಿತು. ಗಾಜುಗಳ ಒಳಗೆ ಬೆಳ್ಳಗೆ ಹಬೆ ತುಂಬಿ ಇಬ್ಬರೂ ಕಾಣದಾದರು. ಕಾರು ರಸ್ತೆ ಬಿಟ್ಟು ಕಲ್ಲುಗಳ ಮೇಲೆ ಕುಣಿಯುತ್ತ ಹೋಗಿ ಕಾಂಕ್ರೀಟಿಗೆ ಮುಟ್ಟುವ ಮುಂಚೆ ನಿಂತಿತು. ಬೋಲ್ಟುಗಳು ಬ್ಲಾಕಿನ ಥ್ರೆಡ್ಡನ್ನು ಕಿತ್ತುಕೊಂಡೇ ಮೇಲೆದ್ದಿದ್ದವು. ಹೆಡ್ ಎದ್ದು, ಒಳಗಿನ ಒತ್ತಡವೆಲ್ಲ ಕೂಲಂಟಿಗೆ ನುಗ್ಗಿ, ಎಡ ಸೀಟಿನ ಮುಂದಿರುವ ಹೀಟರಿನ ನಳಿಕೆ ಒಡೆದು ಕುದಿನೀರು ಅಣ್ಣನ ಎರಡೂ ಪಾದಗಳ ಮೇಲೆ ಸುರಿದಿತ್ತು. ಮಂಜುನಾಥನಿಗೆ ತರಚಿದ ಗಾಯ ಕೂಡ ಆಗಿರಲಿಲ್ಲ.

ಮಂಜುನಾಥ ಹೇಳಿದ ಮಾತು ಇದು. ಅಣ್ಣ ಹೊರಟಾಗಿನಿಂದ ರಸ್ತೆ ನೋಡಲೇ ಇಲ್ಲ, ಗೇಜನ್ನೇ ನೋಡುತ್ತಿದ್ದ. ಮುಳ್ಳು ಹದಿನೆಂಟು ಮುಟ್ಟುವ ಮೊದಲೇ, "ಕಾಲ್ ತಗೀ" ಎಂದು ಕೂಗಿ ಅವನ ತೊಡೆಯನ್ನು ಹಿಡಿದು ಜಗ್ಗಿದ. ಇವನು ಎಕ್ಸಿಲರೇಟರಿನಿಂದ ಕಾಲು ತೆಗೆಯುತ್ತ ಬ್ರೇಕಿಗೆ ಹೋದ, ಆದರೂ ಮುಳ್ಳು ಹದಿನೆಂಟಕ್ಕೆ ಏರಿ, ನಡುಗಿ, ಸೊನ್ನೆಗೆ ಬಿತ್ತು. ಇನ್ನೊಂದು ಕ್ಷಣ ಕಾಲು ಅಲ್ಲೇ ಇದ್ದಿದ್ದರೆ ಆ ಹಬೆಯಲ್ಲಿ ಕುರುಡಾಗಿ ಕಾಂಕ್ರೀಟಿಗೆ ಹೋಗಿ ಹೊಡೆಯುತ್ತಿದ್ದೆವು ಎಂದ. ಆಮೇಲೆ ನಾನು ಆ ಗೇಜನ್ನು ತಂದು ಬಿಚ್ಚಿ ನೋಡಿದ್ದೇನೆ, ನನ್ನ ಗೇಜಿನ ಜೊತೆ ಹಿಡಿದು ಪರೀಕ್ಷಿಸಿದ್ದೇನೆ. ಅದರಲ್ಲಿ ಯಾವ ಐಬೂ ಇಲ್ಲ.

ಗದಗಿನ ದವಾಖಾನೆಗೆ ಹೋದಾಗ ಅಣ್ಣ ಎರಡೂ ಕಾಲಿಗೆ ಪಟ್ಟಿ ಸುತ್ತಿಸಿಕೊಂಡು ಮಲಗಿದ್ದ. ಎಲ್ಲರನ್ನೂ ಹೊರಗೆ ಕಳಿಸಿದ. ಬೈಯುತ್ತಾನೆಂದು ನಾನೂ ತಯಾರಾಗಿಯೇ ನಿಂತೆ.

"ಆ ಗೇಜಿನ ಆಟ ನಿಂದಽ ಅಂತ ಒಂದ್ ಸಲ ಒಪ್ಪಿಕೊಂಡಬಿಡು" ಎಂದ. "ನಾ ಏನೂ ಅನ್ನೂದಿಲ್ಲ. ಹಿಂದಿಂದೂ ಎಲ್ಲಾ ಬಿಟ್ಟಬಿಡ್ತೀನಿ. ನೀನಽ ಮಾಡಿದ್ದಿ ಅಂತ ಅನ್ನು, ಸಾಕು."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಹುಟ್ಟಿದಾಗಿನಿಂದ ಮೊದಲ ಸಲ ಅವನು ಅಂಜಿದ್ದನ್ನು ಕಂಡೆ. ಹೌದು ಎಂಬ ಒಂದು ಮಾತಿಗೆ ನಮ್ಮ ಅಷ್ಟು ವರ್ಷದ ಹಗೆ ಅಲ್ಲೇ ಹರಿದುಹೋಗುತ್ತಿತ್ತು. ಆದರೆ ನಾನೂ ಅವನನ್ನು ಅದನ್ನೇ ಕೇಳಲು ಬಂದಿದ್ದೆ. ಆಟ ಅವನದೇ ಆಗಿದ್ದರೆ ಗೇಜಿನ ಮೇಲೆ ಕಣ್ಣಿಟ್ಟು ಆ ಸೀಟಿನಲ್ಲಿ ಹಾಗೆ ಕೂಡುತ್ತಿರಲಿಲ್ಲ. ನನ್ನದಾಗಿದ್ದರೆ, ಹದಿನಾಲ್ಕು ಎಂದ ನನಗೆ ಹದಿನೆಂಟು ಎಲ್ಲಿಂದ ಗೊತ್ತಾಗಬೇಕು?

"ನಾ ಮಾಡಿಲ್ಲ" ಎಂದೆ. "ನೀ?"

ಅವನು ಗೋಡೆಯ ಕಡೆ ಹೊರಳಿ ಮಲಗಿದ.

ಅಂದಿನಿಂದ ಮತ್ತೆ ಮಾತಿಲ್ಲ. ಮೊದಲು ಮಾತು ಬಿಟ್ಟದ್ದು ಸಿಟ್ಟಿಗೆ. ಈಗ ಎದುರಾದರೆ ಆ ಮಧ್ಯಾಹ್ನದ ಮಾತು ಬಂದೀತೆಂದು ರಸ್ತೆಯ ಆ ಬದಿಗೆ ಅವನು, ಈ ಬದಿಗೆ ನಾನು ಸರಿದು ಹೋಗುತ್ತೇವೆ. ಆ ಮುಳ್ಳನ್ನು ಎಬ್ಬಿಸಿದ್ದು ಮನುಷ್ಯನ ಕೈಯೇ ಆಗಿರಲಿ, ಅಣ್ಣ ಮೋಸಗಾರನೇ ಆಗಿರಲಿ ಎಂದು ನಾನು ಇವತ್ತಿಗೂ ಆಸೆಪಡುತ್ತೇನೆ. ಅವನೂ ನನ್ನ ಬಗ್ಗೆ ಅದೇ ಆಸೆ ಇಟ್ಟುಕೊಂಡು ಕೂತಿದ್ದಾನೆಂದು ಶಾಂತಾ ಹೇಳುತ್ತಾಳೆ.