ಬಿಡಬಾರದ ಮೀನು

ಚಂದ್ರಮೋಹನ್ ಮೀನು ತಿನ್ನುವವರಲ್ಲ. ಅವರ ಮನೆಗೆ ಮೊಟ್ಟೆ ಕೂಡ ಬರುವುದಿಲ್ಲ. ಆದರೂ ಜಪಾನಿನ ಹಮಾಮತ್ಸುವಿನಲ್ಲಿ ನಾನು ಬಲ್ಲ ಕನ್ನಡಿಗರ ಪೈಕಿ ಮೀನು ಹಿಡಿಯುವ ಹುಚ್ಚು ಇದ್ದದ್ದು ಅವರೊಬ್ಬರಿಗೇ. ನಾನು ಹಿರೇಕೆರೂರಿನ ಕಡೆಯವನು. ನಮ್ಮ ತಂದೆ ಊರ ಕೆರೆಯಲ್ಲಿ ಬಲೆ ಬೀಸಿ ನಮ್ಮನ್ನು ಸಾಕಿದವರು. ಮೀನು ಹಿಡಿಯುವುದು ನಮಗೆ ಕೆಲಸ. ಅದನ್ನು ರಜೆಯ ದಿನ ನಸುಕಿಗೇ ಎದ್ದು ಇಷ್ಟಪಟ್ಟು ಮಾಡುವವರನ್ನು ನಾನು ಕಂಡಿರಲಿಲ್ಲ. ಹಿಡಿದದ್ದನ್ನು ಮತ್ತೆ ನೀರಿಗೆ ಬಿಡುವವರ ಬಗ್ಗೆಯಂತೂ ಕೇಳಿಯೂ ಇರಲಿಲ್ಲ. ಹಾಗಾಗಿ ಅವರು ಕರೆದಾಗಲೆಲ್ಲ ನಾನು ಹೋಗುತ್ತಿದ್ದದ್ದು ಮೀನಿಗಾಗಿ ಅಲ್ಲ, ಈ ಮನುಷ್ಯ ಅಲ್ಲಿ ಏನು ಮಾಡುತ್ತಾರೆ ಎಂದು ನೋಡುವುದಕ್ಕೆ.

ಅವರು ಜಪಾನಿಗೆ ಬಂದದ್ದು 2012ರಲ್ಲಿ. ಅಲ್ಲಿನ ದೊಡ್ಡ ಭೂಕಂಪವಾಗಿ ಒಂದು ವರ್ಷವಷ್ಟೇ ಕಳೆದಿತ್ತು. ಬೆಂಗಳೂರಿನ ಆಫೀಸಿನಲ್ಲಿ ಇಬ್ಬರು ಈ ಪೋಸ್ಟಿಂಗ್ ಬೇಡವೆಂದಿದ್ದರು, ಮೂರನೆಯವರಾಗಿ ಇವರನ್ನು ಕೇಳಿದಾಗ ಒಪ್ಪಿಕೊಂಡರು. ಬೈಕಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಎಂಜಿನ್ನಿನ ಕಂಪನ ಅಳೆಯುವ ಕೆಲಸ. ಆ ಚಳಿಗಾಲದಲ್ಲಿ ನಿವೃತ್ತರಾದ ಜಪಾನಿ ಸಹೋದ್ಯೋಗಿಯೊಬ್ಬರು ಹೋಗುವ ದಿನ ತಮ್ಮ ಹಳೆಯ ಗಾಳದ ಕೋಲನ್ನು ಇವರ ಕೈಗಿಟ್ಟು, ಬಳಸಿ ಹೇಗಿತ್ತೆಂದು ಹೇಳಿ ಎಂದರಂತೆ. ಕೊಟ್ಟವರು ಮತ್ತೆ ಸಿಕ್ಕರೆ ಬಳಸಿದ್ದೇನೆ ಎಂದು ಸುಳ್ಳು ಹೇಳಲು ಚಂದ್ರಮೋಹನ್ ಅವರಿಂದಾಗದು. ಅಷ್ಟಕ್ಕೇ ಒಂದು ಭಾನುವಾರ ಹತ್ತಿರದ ನೀರಾವರಿ ಕೊಳಕ್ಕೆ ಹೋದರು. ಸಂಜೆ ಮನೆಗೆ ಬಂದವರ ಮುಖ ನೋಡಿ ಅವರ ಹೆಂಡತಿ ಪದ್ಮಾ, "ಏನಾಯ್ತು, ಬಿದ್ರಾ?" ಎಂದು ಕೇಳಿದರಂತೆ. "ಇಲ್ಲ, ಒಂದು ಸಿಕ್ತು" ಎಂದರಂತೆ ಇವರು.

ಪದ್ಮಾ ಮೈಸೂರಿನಲ್ಲಿ ಪಿಯು ಕಾಲೇಜಿನ ಹುಡುಗಿಯರಿಗೆ ಜೀವಶಾಸ್ತ್ರ ಹೇಳಿಕೊಡುತ್ತಿದ್ದವರು. ಗಂಡನ ಪೋಸ್ಟಿಂಗಿಗಾಗಿ ಕೆಲಸ ಬಿಟ್ಟು ಬಂದಿದ್ದರು. ಗಾಳವನ್ನು ಮನೆಯಲ್ಲಿಡಲು ಒಪ್ಪಿದರು, ಆದರೆ ಒಂದು ಷರತ್ತಿನ ಮೇಲೆ: ಹಿಡಿದ ಪ್ರತಿ ಮೀನನ್ನೂ ಹಿಡಿದ ಜಾಗದಲ್ಲೇ ಜೀವಂತ ಬಿಡಬೇಕು. ಅಲ್ಲಿ ಬ್ಲ್ಯಾಕ್ ಬಾಸ್ ಎಂಬ ಮೀನು ಹಿಡಿಯುವವರೆಲ್ಲ ಮಾಡುವುದೂ ಅದನ್ನೇ ಆದ್ದರಿಂದ ಚಂದ್ರಮೋಹನ್ ಮಾತು ಕೊಟ್ಟರು. ಎರಡು ವರ್ಷ ಅದನ್ನು ತಪ್ಪದೆ ಉಳಿಸಿಕೊಂಡರು.

ಅವರಿಗೆ ಬೇಸಿಗೆಯ ಮೀನುಗಳ ಮೇಲೆ ಆಸೆಯಿರಲಿಲ್ಲ. ಬೇಸಿಗೆಯಲ್ಲಿ ಯಾರಿಗೆ ಬೇಕಾದರೂ ಸಿಗುತ್ತವೆ ಎನ್ನುತ್ತಿದ್ದರು. ಅವರ ಕಾಲ ಫೆಬ್ರವರಿ ಕೊನೆಯಿಂದ ಮಾರ್ಚ್ ಕೊನೆಯವರೆಗೆ. ಆಗ ನೀರು ಇನ್ನೂ ಒಂಬತ್ತು ಹತ್ತು ಡಿಗ್ರಿ. ಮೀನು ಆಳದಲ್ಲಿ ಜಡವಾಗಿ ನಿಂತಿರುತ್ತದೆ. ಮೂರು ದಿನ ಸತತ ಬಿಸಿಲು ಬಿದ್ದರೆ, ಮೊಟ್ಟೆ ತುಂಬಿದ ದೊಡ್ಡ ಹೆಣ್ಣುಗಳು ಮೊದಲು ದಡದ ಕಡೆ ಬರುತ್ತವೆ. ನಾಲ್ಕನೆಯ ದಿನ ಗಾಳಿ ತಿರುಗಿದರೆ ಮತ್ತೆ ಮಾಯ. ಆಗ ಪ್ಲಾಸ್ಟಿಕ್ ಮೀನನ್ನು ದೂರ ಎಸೆದು, ಒಮ್ಮೆ ಜಗ್ಗಿ, ಹತ್ತು ಎಣಿಸುವವರೆಗೆ ಅಲುಗಾಡಿಸದೆ ಬಿಡಬೇಕು. ಮತ್ತೆ ಜಗ್ಗಬೇಕು, ಮತ್ತೆ ಹತ್ತು. ಹೀಗೆ ಆರು ಗಂಟೆ. ಕೈಬೆರಳು ಮರಗಟ್ಟುತ್ತಿತ್ತು. ನಾನು ಕೊಂಬಿನಿ ಅಂಗಡಿಯಿಂದ ತಂದ ಬಿಸಿ ಕಾಫಿ ಡಬ್ಬಿಯನ್ನು ಕುಡಿಯುವುದಕ್ಕಿಂತ ಹೆಚ್ಚಾಗಿ ಕೈ ಕಾಯಿಸಿಕೊಳ್ಳಲು ಹಿಡಿದಿರುತ್ತಿದ್ದೆ.

"ಬಲೆ ಹಾಕಿದ್ರೆ ಅರ್ಧ ಗಂಟೇಲಿ ಮುಗೀತಿತ್ತು ಸರ್" ಎಂದೆ ಒಮ್ಮೆ.

"ಏನು ಮುಗೀತಿತ್ತು?" ಎಂದರು ಅವರು.

ಅವರಿಗೆ ಬೇಕಾಗಿದ್ದದ್ದು ಐವತ್ತು ಸೆಂಟಿಮೀಟರಿನ ಒಂದು ಮೀನು. ಇಲ್ಲಿ ಬಾಸ್ ಹಿಡಿಯುವವರು ಐವತ್ತು ದಾಟಿದ್ದನ್ನು ಮಾತ್ರ ದೊಡ್ಡದೆನ್ನುತ್ತಾರೆ. 2013ರ ಮಾರ್ಚಿನಲ್ಲಿ ಅವರಿಗೆ ನಲವತ್ತೊಂದು ಸಿಕ್ಕಿತು. ಮರುವರ್ಷ ನಲವತ್ತೇಳು. 2015ರ ಮಾರ್ಚ್ ಮೂವತ್ತೊಂದಕ್ಕೆ ಪೋಸ್ಟಿಂಗ್ ಮುಗಿದು ಅವರು ಊರಿಗೆ ಮರಳಬೇಕಿತ್ತು. ಆ ವರ್ಷ ನಮ್ಮ ಕೊಳಗಳಲ್ಲಿ ನಾಲ್ಕು ವಾರ ಒಂದೂ ಸಿಗಲಿಲ್ಲ. ಮಾರ್ಚ್ ಇಪ್ಪತ್ತೊಂದು ಶನಿವಾರ, ರಜೆ. ಕೊನೆಯ ಅವಕಾಶವೆಂದು ಬಿವಾ ಸರೋವರಕ್ಕೆ ಹೋಗುವುದೆಂದು ನಿಶ್ಚಯವಾಯಿತು. ಕಾರು ಓಡಿಸುವ ಲೈಸೆನ್ಸ್ ಇದ್ದದ್ದು ನನ್ನ ಬಳಿ. ಇಷ್ಟು ದೊಡ್ಡ ಸರೋವರವನ್ನು ನೋಡದೆ ಊರಿಗೆ ಹೋಗುವುದೇ ಎಂದು ಪದ್ಮಾ ಕೂಡ ಹೊರಟರು.

ನಮ್ಮ ಜಾಗ ಸರೋವರದ ಪಶ್ಚಿಮ ದಡದ ಒಂದು ಪುಟ್ಟ ಕೊಲ್ಲಿ. ಹಿಂದೆ ಬೆಟ್ಟದ ತುದಿಯಲ್ಲಿ ಇನ್ನೂ ಹಿಮವಿತ್ತು, ಕೆಳಗೆ ಜೊಂಡು ಒಣಗಿ ನಿಂತಿತ್ತು. ನಾನು ಎಲ್ಲಿ ಹೋದರೂ ಮೊದಲು ಫಲಕ ಓದುವವನು. ಜಪಾನಿ ಪರೀಕ್ಷೆಗೆ ಓದುತ್ತಿದ್ದಾಗ ಹತ್ತಿದ ಚಾಳಿ. ನೀರಿನ ಪಕ್ಕ ನಿಂತಿದ್ದ ಹಸಿರು ಫಲಕವನ್ನು ಒಂದೊಂದೇ ಅಕ್ಷರ ಬಿಡಿಸಿ ಓದಿದೆ. ಎರಡನೆಯ ಸಲ ಓದಿದೆ. ಆಮೇಲೆ ಕೋಲು ಜೋಡಿಸುತ್ತಿದ್ದ ಚಂದ್ರಮೋಹನ್ ಬಳಿ ಹೋದೆ.

"ಸರ್, ಇಲ್ಲಿ ಬಿಡೋ ಹಾಗಿಲ್ಲ."

"ಏನು?"

"ಹಿಡಿದ ಬಾಸನ್ನ ವಾಪಸ್ ನೀರಿಗೆ ಬಿಡಬಾರದಂತೆ. ಹೊರಗಿಂದ ಬಂದ ಮೀನು, ಇಲ್ಲಿನ ಮೀನು ತಿಂದು ಮುಗಿಸ್ತಿದೆ, ಅದಕ್ಕೆ ಕಾನೂನು. ಅಗೋ, ಆ ಡಬ್ಬಿಗೆ ಹಾಕಬೇಕು. ಜೀವಂತ ಬೇರೆ ಕಡೆಗೆ ಸಾಗಿಸೋ ಹಾಗೂ ಇಲ್ಲ."

ದಡದ ಮೇಲೆ ಮುಚ್ಚಳವಿದ್ದ ದೊಡ್ಡ ಡಬ್ಬಿಯೊಂದಿತ್ತು. ಚಂದ್ರಮೋಹನ್ ಅದನ್ನು ನೋಡಿದರು, ಆಮೇಲೆ ಹೆಂಡತಿಯನ್ನು ನೋಡಿದರು. ಪದ್ಮಾ ಚಾಪೆ ಹಾಸಿ ಫ್ಲಾಸ್ಕ್ ತೆಗೆಯುತ್ತಿದ್ದರು. ಎಲ್ಲವೂ ಅವರಿಗೆ ಕೇಳಿಸಿತ್ತು.

"ನನ್ನ ಮುಖ ಯಾಕೆ ನೋಡ್ತೀರಿ? ನೀವು ಮಾತು ಕೊಟ್ಟಿದ್ದು, ನೀವೇ ನೋಡ್ಕೊಳ್ಳಿ."

"ಸಿಕ್ಕಿದ್ರೆ ತಾನೇ?"

"ಸಿಗಬಾರದು ಅಂತ ಮೂರು ಗಂಟೆ ಕಾರಲ್ಲಿ ಬಂದ್ವಾ?"

ಅವರು ಸುಮಾರು ಇಪ್ಪತ್ತು ನಿಮಿಷ ಜೋಡಿಸಿದ ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಕಲ್ಲಿನ ಮೇಲೆ ಕೂತಿದ್ದರು. ಹೊರಡೋಣವೆಂದರೆ ಹೊರಡುತ್ತಿದ್ದೆ. ಆದರೆ ಬಿಸಿಲು ಬಿದ್ದು ಅದು ನಾಲ್ಕನೆಯ ದಿನ, ಗಾಳಿ ಇನ್ನೂ ತಿರುಗಿರಲಿಲ್ಲ. ಅವರು ಎದ್ದು ಥರ್ಮಾಮೀಟರ್ ನೀರಿಗಿಳಿಸಿದರು. ಹನ್ನೊಂದು ಡಿಗ್ರಿ. ಮೊದಲ ಸಲ ಗಾಳ ಎಸೆದರು.

ಕೊಲ್ಲಿಯ ಆಚೆ ತುದಿಯಲ್ಲಿ ಇನ್ನೊಬ್ಬರಿದ್ದರು. ಅರವತ್ತು ದಾಟಿದ ಒಕುಮುರಾ ಸಾನ್, ಆ ದಡದ ಊರಿನವರೇ. ನಮ್ಮ ಭಾಷೆ ಯಾವುದೆಂದು ಕೇಳುವ ನೆಪದಲ್ಲಿ ಮಾತಿಗೆ ಬಂದರು. ಅವರ ತಂದೆ ಇದೇ ದಡದಲ್ಲಿ ಬುಟ್ಟಿಬಲೆಯಿಟ್ಟು ಮೊರೋಕೊ ಎಂಬ ಕಿರುಮೀನು ಹಿಡಿದು ಮಾರುತ್ತಿದ್ದರಂತೆ. ವಸಂತದಲ್ಲಿ ಮೊಟ್ಟೆಯಿಡಲು ಜೊಂಡಿಗೆ ಬರುವ ಬೆರಳುದ್ದದ ಮೀನು. ಬಾಸ್ ಹೆಚ್ಚಾದ ಮೇಲೆ ಈ ಕೊಲ್ಲಿಯಲ್ಲಿ ಅದು ಕಾಣುವುದೇ ನಿಂತಿತಂತೆ. ತಂದೆಯ ಕಸುಬು ಅಲ್ಲಿಗೆ ಮುಗಿಯಿತು. ಅದಕ್ಕೇ ತಾನು ಬಾಸ್ ಹಿಡಿಯುತ್ತೇನೆ ಎಂದರು. ಆಮೇಲೆ ಸ್ವಲ್ಪ ನಕ್ಕು, ಹಿಡಿಯುವುದು ಇಷ್ಟವಾದ್ದರಿಂದಲೂ ಹೌದು ಎಂದು ಸೇರಿಸಿದರು.

ಹನ್ನೆರಡೂವರೆಗೆ ಚಂದ್ರಮೋಹನ್ ಎಣಿಸುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು. ಏಳು, ಎಂಟು ಎಂದವರು ಅಲ್ಲಿಗೇ ನಿಂತರು. ಕೋಲು ಬಾಗಿತು. ಮೀನು ಒಮ್ಮೆ ಆಳಕ್ಕೆ ಎಳೆಯಿತು, ಒಮ್ಮೆ ಮೇಲೆ ಬಂದು ತಲೆ ಒದರಿತು. ಅದರ ಬಾಯಿ ನನ್ನ ಮುಷ್ಟಿ ಹಿಡಿಸುವಷ್ಟಿತ್ತು. ಐದಾರು ನಿಮಿಷದ ಮೇಲೆ ಅದು ದಡದ ನೀರಿನಲ್ಲಿ, ಅವರ ಹೆಬ್ಬೆರಳು ಅದರ ಕೆಳತುಟಿಯಲ್ಲಿ. ಹೊಟ್ಟೆ ಉಬ್ಬಿತ್ತು. ಕಿವಿರು ತೆರೆದು ಮುಚ್ಚುತ್ತಿತ್ತು. ಅವರು ಮೊಣಕಾಲಿನವರೆಗೆ ನೀರಿನಲ್ಲಿ ಹಾಗೇ ನಿಂತುಬಿಟ್ಟರು.

ಒಕುಮುರಾ ಸಾನ್ ಬಂದು ನೋಡಿದರು. ಸಂಗತಿ ಏನೆಂದು ನಾನು ಹೇಳಿದೆ. ಅವರು ಸ್ವಲ್ಪ ಹೊತ್ತು ಬೆಟ್ಟದ ಕಡೆ ನೋಡಿ ಮೆಲ್ಲಗೆ ಹೇಳಿದರು: "ಬಿಡುವವರೂ ಇದ್ದಾರೆ. ಯಾರೂ ಬಂದು ಹಿಡಿಯುವುದಿಲ್ಲ. ನಾನೂ ಈಗ ಆ ಕಡೆ ಹೋಗಿ ಟೀ ಕುಡಿಯಬಹುದು."

ಅದನ್ನು ನಾನು ಚಂದ್ರಮೋಹನ್ ಅವರಿಗೆ ಕನ್ನಡದಲ್ಲಿ ಹೇಳಿದೆ.

"ಅವರ ಕಣ್ಣೆದುರಿಗೆ ಬಿಡೋದು ಬೇರೆ, ಅವರು ಎದ್ದು ಹೋದ್ಮೇಲೆ ಬಿಡೋದು ಬೇರೆನಾ?" ಎಂದರು. ಆಮೇಲೆ, "ಅವರಪ್ಪನ ಕೆರೆ ಕಣೋ ಇದು" ಎಂದರು. ಆ ಮಾತು ನನಗೆ ಎಲ್ಲಿ ತಾಕಿತೆಂದು ಅವರಿಗೆ ಗೊತ್ತಿರಲಿಕ್ಕಿಲ್ಲ.

ಪದ್ಮಾ ನೀರಿನಂಚಿಗೆ ಬಂದಿದ್ದರು. ಚಂದ್ರಮೋಹನ್ ತಿರುಗಿ, "ಪದ್ಮಾ, ನಾನು ಮಾತು ಮುರೀತಿದೀನಿ" ಎಂದರು.

"ಎರಡು ವರ್ಷ ಎಷ್ಟು ಬಾಯಿಗೆ ಕೊಕ್ಕೆ ಚುಚ್ಚಿ ಬಿಟ್ರಿ, ಲೆಕ್ಕ ಇದ್ಯಾ? ಅದು ಅಹಿಂಸೆ ಅಂತ ನಾವಿಬ್ರೂ ನಂಬ್ಕೊಂಡಿದ್ವಿ" ಎಂದರು ಪದ್ಮಾ. ಧ್ವನಿಯಲ್ಲಿ ಕೋಪವಿರಲಿಲ್ಲ. "ಮಾಡೋದಾದ್ರೆ ಬೇಗ ಮಾಡಿ. ಅದಕ್ಕೆ ಉಸಿರು ಕಟ್ತಿದೆ."

ನಾನು ಕೈ ಚಾಚಿದೆ. ನನಗದು ಕಷ್ಟದ ಕೆಲಸವಲ್ಲ, ಹತ್ತು ವರ್ಷದವನಿದ್ದಾಗಿನಿಂದ ಮಾಡಿದ್ದೇ. ಅವರು ಕೊಡಲಿಲ್ಲ. "ಹಿಡಿದವನು ನಾನು" ಎಂದರು. ಒಕುಮುರಾ ಸಾನ್ ತಮ್ಮ ಪೆಟ್ಟಿಗೆಯಿಂದ ಮೊನೆಯಾದ ಒಂದು ಉಕ್ಕಿನ ಕಡ್ಡಿ ತೆಗೆದು, ಕಣ್ಣಿನ ಹಿಂದೆ ಬೆರಳಿಟ್ಟು ಜಾಗ ತೋರಿಸಿದರು. ಅಲ್ಲಿ ಒಂದೇ ಸಲ, ಅಳುಕದೆ ಚುಚ್ಚಿದರೆ ಮೀನಿಗೆ ತಿಳಿಯುವುದಿಲ್ಲ. ಚಂದ್ರಮೋಹನ್ ಮೊದಲು ಸುಮಿಮಾಸೆನ್, ಕ್ಷಮಿಸಿ, ಎಂದರು. ಒಕುಮುರಾ ಸಾನ್‌ಗೋ ಮೀನಿಗೋ ತಿಳಿಯಲಿಲ್ಲ. ಆಮೇಲೆ ಚುಚ್ಚಿದರು. ಮೀನು ಒಮ್ಮೆ ಮೈ ಸೆಟೆಸಿ ಸಡಿಲವಾಯಿತು.

ಇಷ್ಟಾದ ಮೇಲೆಯೇ ಅಳೆದಿಲ್ಲವೆಂಬುದು ನೆನಪಾದದ್ದು. ಅಳತೆಯ ಹಲಗೆಯ ಮೇಲೆ ಚಾಚಿ ಮಲಗಿಸಿದರೆ ನಲವತ್ತೊಂಬತ್ತೂವರೆ. ಬಾಲದ ತುದಿಗಳನ್ನು ಹಿಸುಕಿ ಸೇರಿಸಿದರೆ ಸರಿಯಾಗಿ ಐವತ್ತಾಗುತ್ತದೆ, ಅನೇಕರು ಹಾಗೇ ಅಳೆಯುತ್ತಾರೆ ಎಂದು ಒಕುಮುರಾ ಸಾನ್ ತೋರಿಸಿಕೊಟ್ಟರು.

"ಬೇಡ, ನಲವತ್ತೊಂಬತ್ತೂವರೆ" ಎಂದರು ಚಂದ್ರಮೋಹನ್. ಹೋಗಿ ಕಲ್ಲಿನ ಮೇಲೆ ಕೂತರು.

ಆಗ ಪದ್ಮಾ ಮಾಡಿದ್ದನ್ನು ನಾವು ಯಾರೂ ಊಹಿಸಿರಲಿಲ್ಲ. ಸೆರಗಿನಂತೆ ಹೊದ್ದಿದ್ದ ಶಾಲನ್ನು ಸೊಂಟಕ್ಕೆ ಬಿಗಿದು, ಒಕುಮುರಾ ಸಾನ್ ಅವರ ಕತ್ತರಿ ಕೇಳಿ ಪಡೆದು, ಹಲಗೆಯ ಮುಂದೆ ಕುಕ್ಕರಗಾಲಲ್ಲಿ ಕೂತರು.

"ಏನ್ ಮಾಡ್ತಿದೀಯ?"

"ಡಿಸೆಕ್ಷನ್. ಆರು ವರ್ಷ ಮಕ್ಕಳಿಗೆ ಕಪ್ಪೆ ಕೊಯ್ದು ತೋರ್ಸಿದೀನಿ, ಮರೆತ್ರಾ? ಸ್ನಾನ ಮಾಡಿದ್ರೆ ಆಯ್ತು. ನೀವು ಎರಡು ವರ್ಷದಿಂದ ಇದು ಇಂಥ ಬಣ್ಣದ್ದು ತಿನ್ನತ್ತೆ, ಅಂಥದ್ದು ತಿನ್ನತ್ತೆ ಅಂತ ಪ್ಲಾಸ್ಟಿಕ್ ತಂದು ಸುರೀತಿದೀರ. ನಿಜವಾಗ್ಲೂ ಏನ್ ತಿನ್ನತ್ತೆ ಅಂತ ಒಂದಿನನಾದ್ರೂ ನೋಡಿದೀರಾ?"

ಬಿಟ್ಟುಬಿಡುವವರು ನೋಡುವುದಾದರೂ ಹೇಗೆ? ಚಂದ್ರಮೋಹನ್ ಕಲ್ಲಿನಿಂದ ಎದ್ದು ಬಂದರು. ಕೆಳಗಿನಿಂದ ಮೇಲಕ್ಕೆ ಒಂದೇ ಗೆರೆಯಲ್ಲಿ ಕತ್ತರಿಸಿದ ಪದ್ಮಾ, ಮೊಟ್ಟೆಯ ಹಳದಿ ಗಂಟನ್ನು ಒಡೆಯದೆ ಪಕ್ಕಕ್ಕೆ ಸರಿಸಿದರು. ಜಠರವನ್ನು ಬಿಡಿಸಿ ಹಲಗೆಯ ಮೇಲೆ ಸೀಳಿದರು. ಒಳಗೆ ಅರೆ ಕರಗಿದ ಸಿಗಡಿಯ ಚೂರುಗಳು. ಅವುಗಳ ಕೆಳಗೆ ಇನ್ನೂ ಬೆಳ್ಳಿಯ ಹೊಳಪು ಹೋಗದ, ಬೆರಳುದ್ದದ ಎರಡು ಮೀನುಗಳು.

ಒಕುಮುರಾ ಸಾನ್ ಬಗ್ಗಿದರು. ಕನ್ನಡಕ ತೆಗೆದು ಇನ್ನೂ ಹತ್ತಿರ ಬಗ್ಗಿದರು. ಒಂದನ್ನು ಅಂಗೈ ಮೇಲೆ ತೆಗೆದುಕೊಂಡು, ಬಾಯಿಯ ಪಕ್ಕದ ಪುಟ್ಟ ಮೀಸೆಯನ್ನು ಉಗುರಿನಿಂದ ಮುಟ್ಟಿ ನೋಡಿದರು.

"ಮೊರೋಕೊ" ಎಂದರು.

"ಇದನ್ನು ಇವತ್ತು ಬೆಳಿಗ್ಗೆ ತಿಂದಿದೆ" ಎಂದರು ಪದ್ಮಾ, ನಾನು ಜಪಾನಿಗೆ ತಿರುಗಿಸಿದೆ. "ಹಾಗಾದರೆ ಇಲ್ಲೇ ಎಲ್ಲೋ ಇವೆ" ಎಂದರು ಒಕುಮುರಾ ಸಾನ್. ಆಮೇಲೆ ಅವರು ಜೊಂಡಿನ ಕಡೆ ನಡೆದುಹೋದರು. ಹೊರಡುವ ಹೊತ್ತಿಗೂ ನಾನು ನೋಡಿದ್ದು ಅವರ ಬೆನ್ನನ್ನೇ. ಒಣ ಜೊಂಡನ್ನು ಒಂದು ಕೈಯಲ್ಲಿ ಸರಿಸುತ್ತ ನೀರಿನೊಳಗೆ ನೋಡುತ್ತಿದ್ದರು. ಅವರ ಗಾಳ ದಡದಲ್ಲೇ ಬಿದ್ದಿತ್ತು.

ಡಬ್ಬಿಗೆ ಹಾಕಲು ಚಂದ್ರಮೋಹನ್ ಒಪ್ಪಲಿಲ್ಲ. "ಕೊಂದದ್ದು ಯಾರ ಹೊಟ್ಟೆಗಾದ್ರೂ ಹೋಗ್ಲಿ. ನೀನು ತಿಂತೀಯಲ್ಲ?" ಎಂದರು. ಮಂಜುಗಡ್ಡೆಯಲ್ಲಿಟ್ಟು ಹಮಾಮತ್ಸುವಿಗೆ ತಂದೆವು.

ಮರುದಿನ ಭಾನುವಾರ ಮಧ್ಯಾಹ್ನ ನನ್ನ ಕೋಣೆಯ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಚಂದ್ರಮೋಹನ್, ಕೈಯಲ್ಲಿ ಪದ್ಮಾ ಕಳಿಸಿದ ಹುಣಸೆಹಣ್ಣು, ಧನಿಯಾ ಪುಡಿ, ಕರಿಬೇವು. "ಮಸಾಲೆ ನಮ್ಮದು, ಪಾತ್ರೆ ನಿಂದೇ ಅಂತೆ" ಎಂದರು. ನಾನು ಚರ್ಮ ಸುಲಿದು, ನಮ್ಮ ತಾಯಿ ಮಾಡುವಂತೆ ಸಾರು ಮಾಡಿದೆ. ಅವರು ಕಿಟಕಿ ತೆಗೆಯಬೇಕೆ ಎಂದು ಕೇಳಿದರು, ಆದರೆ ತೆಗೆಯಲು ಏಳಲಿಲ್ಲ. ನಾನು ತಟ್ಟೆ ಹಾಕಿಕೊಂಡು ಕೂತೆ. ಎದುರಿಗೆ ಕೂತವರು ನನ್ನ ಕೈಯನ್ನೇ ನೋಡುತ್ತಿದ್ದರು.

"ಹೇಗಿದೆ?"

"ಚೆನ್ನಾಗಿದೆ ಸರ್."

"ಚೆನ್ನಾಗಿದೆ ಅಂದ್ರೆ ಹೇಗೆ? ಯಾವ ಥರ?"

ಮೀನನ್ನೇ ತಿನ್ನದವರಿಗೆ ಮೀನಿನ ರುಚಿ ಹೇಗೆ ಹೇಳುವುದು? ಹೋಲಿಸಲು ಒಂದು ತರಕಾರಿಯೂ ಸಿಗಲಿಲ್ಲ. ಗಟ್ಟಿ, ಪದರ ಪದರ, ಬೆಂದ ಹಲಸಿನ ತೊಳೆ ಬಿಡಿಸಿದ ಹಾಗೆ ಬಿಡುತ್ತದೆ ಎಂದೆ. ಅವರು ತಲೆಯಾಡಿಸಿದರು.

"ನಿಮ್ಮೂರಿನ ಕೆರೆದು ಹೀಗೇ ಇರತ್ತಾ?"

"ಇಲ್ಲ. ನಮ್ಮದಕ್ಕೆ ಮುಳ್ಳು ಜಾಸ್ತಿ, ರುಚಿನೂ ಜಾಸ್ತಿ."

"ಯಾಕೆ ಜಾಸ್ತಿ?"

ಹೀಗೆ ಕೇಳುತ್ತಲೇ ಹೋದರು. ಸಾರು ಮೂರು ಹೊತ್ತಿಗಾಗುವಷ್ಟಿತ್ತು. ಎರಡನೆಯ ತಟ್ಟೆಯ ಹೊತ್ತಿಗೆ ನನಗೆ ಸಾಕಾಯಿತು. ಆದರೆ ಅವರು ಎದ್ದು, ನನ್ನ ಪಾತ್ರೆಯಿಂದ ತಾವೇ ಸೌಟಿನಲ್ಲಿ ಬಗ್ಗಿಸಿ, ಒಂದು ಹನಿಯೂ ಚೆಲ್ಲದಂತೆ ನನ್ನ ತಟ್ಟೆಗೆ ಬಡಿಸಿದರು. ಆಮೇಲೆ ಸೌಟನ್ನು ತೊಳೆದಿಟ್ಟು ಬಂದು, ನಾನು ಉಂಡು ಮುಗಿಸುವುದನ್ನು ಕಾಯುತ್ತ ಕೂತರು.