ನೋ ಬಿಡ್ ಆದ ಬಿಳಿ ಕೋಟು

ಮನುಷ್ಯನ ಬಾಳಿನಲ್ಲಿ ಬಿಳಿಯ ಬಣ್ಣಕ್ಕಿರುವ ಪಾವಿತ್ರ್ಯ, ಗಾಂಭೀರ್ಯ ಮತ್ತು ಅಧಿಕಾರ ಬೇರಾವ ಬಣ್ಣಕ್ಕೂ ಇಲ್ಲವೆಂದು ತಿಳಿದವರು ಹೇಳುತ್ತಾರೆ. ಹಾಗೆ ಹೇಳಿದ ತಿಳಿದವರಲ್ಲಿ ಒಬ್ಬರೂ ಹೊಗೆಸೊಪ್ಪು ಬೆಳೆದವರಲ್ಲ. ನಮ್ಮ ನಡುಮನೆಯ ಗೋಡೆಯಲ್ಲಿ, ಸಹಕಾರ ಸಂಘದವರು ಕೊಟ್ಟ ಕ್ಯಾಲೆಂಡರಿನ ಪಕ್ಕದ ಮೊಳೆಗೆ, ವೈದ್ಯರು ತೊಡುವ ಬಿಳಿ ಕೋಟೊಂದು ಬಹುಕಾಲದಿಂದ ತೂಗಾಡುತ್ತಿದೆ. ಅದು ಬಂದಾಗ ಮನೆಯಲ್ಲಿ ವೈದ್ಯರು ಯಾರೂ ಇರಲಿಲ್ಲ. ವೈದ್ಯರಿಲ್ಲದ ಮನೆಯಲ್ಲಿ ವೈದ್ಯರ ಕೋಟು ಹೇಗೆ ಬಂತು, ಬಂದದ್ದು ಹೇಗೆ ಬಣ್ಣಗೆಟ್ಟಿತು, ಕೆಟ್ಟದ್ದು ಕಡೆಗೆ ಯಾರ ಪಾಲಾಯಿತು ಎಂಬುದೇ, ಮಿತ್ರರೇ, ನಾನು ನಿಮ್ಮೊಡನೆ ಕೂತು ಹೇಳಬೇಕೆಂದಿರುವ ವಿಚಾರ.

ನಮ್ಮ ಊರು ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ನಡುವೆ, ಎರಡೂ ಕಡೆಯವರು ‘ಅದು ನಿಮ್ಮ ಕಡೆಯದು’ ಎಂದು ಒಬ್ಬರಿಗೊಬ್ಬರು ಉದಾರವಾಗಿ ಬಿಟ್ಟುಕೊಡುವ ಜಾಗದಲ್ಲಿದೆ. ನಾನು ಕೆ.ಆರ್. ನಗರದಲ್ಲಿಯೂ ಹೆಗ್ಗಡದೇವನಕೋಟೆಯಲ್ಲಿಯೂ ಪ್ರೌಢಶಾಲೆಯ ಮಕ್ಕಳಿಗೆ ಕನ್ನಡ ವ್ಯಾಕರಣ ಕಲಿಸಿ, ಅವರು ಅದನ್ನು ಮರೆಯುವುದನ್ನೂ ಕಣ್ಣಾರೆ ಕಂಡು, ನಿವೃತ್ತನಾಗಿ ಊರು ಸೇರಿದವನು. ನನ್ನ ತಮ್ಮ ಮಹದೇವ ಹೊಗೆಸೊಪ್ಪು ಬೆಳೆಯುತ್ತಾನೆ. ನಮ್ಮಿಬ್ಬರನ್ನೂ ಬೆಳೆಸಿದವಳು ನಮ್ಮ ಅವ್ವ; ಎರಡೂ ಬೆಳೆಗಳ ಬಗ್ಗೆ ಅವಳಿಗೆ ಸಮನಾದ ಅಸಮಾಧಾನವಿದೆ. ಮಹದೇವನ ಮಗಳು ಸಿಂಧು ಡಾಕ್ಟರಾಗುತ್ತೇನೆಂದು ಹೇಳಿದ ದಿನ ಮನೆಯಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. ಹೊಗೆಸೊಪ್ಪು ಬೆಳೆಯುವವರ ಮನೆಯಲ್ಲೇ ಒಬ್ಬ ವೈದ್ಯೆ ತಯಾರಾಗುವುದರಲ್ಲಿ ಒಂದು ನ್ಯಾಯವಿದೆ. ಲೋಕಕ್ಕೆ ಕೆಮ್ಮನ್ನು ಒದಗಿಸುವವರೂ ನಾವೇ, ಕೆಮ್ಮಿಗೆ ಔಷಧ ಬರೆದುಕೊಡುವವರೂ ನಾವೇ ಆದರೆ, ವ್ಯವಹಾರ ಹೊರಗೆ ಹೋಗುವುದಿಲ್ಲ.

ಸಿಂಧು ವೈದ್ಯಕೀಯ ಪ್ರವೇಶಕ್ಕಾಗಿ ನೀಟ್ ಬರೆದಳು. ಅಕ್ಷರವನ್ನೇ ಬರೆಯದೆ ಬರೀ ಬೊಟ್ಟುಗಳಿಗೆ ಮಸಿ ತುಂಬುವ ಪರೀಕ್ಷೆಗೆ ಅಚ್ಚುಕಟ್ಟೆಂದು ಕೇಳಿಸುವ ಈ ಹೆಸರನ್ನು ಇಟ್ಟವರು ಯಾರೋ ನಾನರಿಯೆ. ಅಂಕಗಳು ಬಂದವು. ಒಳ್ಳೆಯವೇ. ಆದರೆ ಸೀಟು ಸಿಗುವಷ್ಟು ಒಳ್ಳೆಯವೋ, ‘ಪರವಾಗಿಲ್ಲ’ ಎಂದು ನೆಂಟರು ಹೇಳುವಷ್ಟು ಮಾತ್ರ ಒಳ್ಳೆಯವೋ ಎಂಬುದು ಸೀಟು ಹಂಚಿಕೆಯ ಸುತ್ತುಗಳು ಮುಗಿಯುವವರೆಗೆ ತಿಳಿಯುವಂತಿರಲಿಲ್ಲ. ಈ ತ್ರಿಶಂಕು ಕಾಲದಲ್ಲಿಯೇ ಕೋಟಿನ ಪ್ರವೇಶವಾದದ್ದು.

ಹುಣಸೂರಿನ ದರ್ಜಿ ಇಲಿಯಾಸ್ ನನ್ನ ಬಾಲ್ಯದ ಗೆಳೆಯ. ಒಂದು ದಿನ ಅವನ ಅಂಗಡಿಯ ಮುಂದೆ ಹಾದುಹೋಗುತ್ತಿದ್ದ ನನ್ನನ್ನು ಕೂಗಿ ನಿಲ್ಲಿಸಿ, ಕಾಗದದಲ್ಲಿ ಸುತ್ತಿದ ಪೊಟ್ಟಣವೊಂದನ್ನು ಕೈಗಿಟ್ಟ. ಬಿಚ್ಚಿದರೆ ಬಿಳಿ ಕೋಟು.

“ಇನ್ನೂ ಸೀಟೇ ಬಂದಿಲ್ಲವಲ್ಲೋ ಇಲಿಯಾಸ್!”

“ಅರೇ ಮೇಷ್ಟ್ರೇ, ಸೀಟ್ ಬಂದ್ಮೇಲೆ ಎಲ್ಲಾರೂ ಹೊಲಿಸ್ತಾರೆ. ಬರೋಕ್ ಮುಂಚೆ ಹೊಲಿದಿಟ್ರೆ ತಾನೆ ಸೀಟಿಗೂ ಒಂದು ನಾಚಿಕೆ ಅನ್ನೋದು ಆಗೋದು? ಒಳಗಡೆ ಬಟ್ಟೆ ಜಾಸ್ತಿ ಬಿಟ್ಟಿದೀನಿ. ಮಗು ದಪ್ಪ ಆದ್ರೂ ಚಿಂತೆ ಇಲ್ಲ.”

ನಾನು ಆಕ್ಷೇಪಿಸಲಿಲ್ಲ. ಯೋಚಿಸಿದಷ್ಟೂ ಇಲಿಯಾಸನ ಮಾತು ನಮ್ಮ ನಾಡಿನ ಒಂದು ಪ್ರಾಚೀನ ಶಾಸ್ತ್ರಕ್ಕೆ ಅನುಗುಣವಾಗಿಯೇ ಇತ್ತು. ಸೀಟು ಎಂಬ ಶಬ್ದವನ್ನು ನಾವು ಮೊದಲು ಕಲಿತದ್ದು ಕಾಲೇಜಿನಿಂದಲ್ಲ, ಬಸ್ಸಿನಿಂದ. ಹುಣಸೂರಿನ ಬಸ್ ನಿಲ್ದಾಣದಲ್ಲಿ ಹೆಗ್ಗಡದೇವನಕೋಟೆಯ ಬಸ್ಸು ಒಳಗೆ ಬರುವಾಗಲೇ, ಇನ್ನೂ ಅದು ನಿಲ್ಲುವ ಮೊದಲೇ, ಕಿಟಕಿಯೊಳಗೆ ಟವೆಲ್ಲು ತೂರುವವನು ಒಬ್ಬನಿರುತ್ತಾನೆ. ಟವೆಲ್ಲು ಬಿದ್ದ ಸೀಟಿನಲ್ಲಿ ಕೂರಲು ಯಾರಿಗೂ ಧೈರ್ಯವಿಲ್ಲ. ಹಾಗೆಯೇ ಈ ಕೋಟೂ ವೈದ್ಯಕೀಯ ಸೀಟಿನ ಮೇಲೆ ನಾವು ದೂರದಿಂದ ಎಸೆದ ಒಂದು ಟವೆಲ್ಲು ಎಂದು ತಿಳಿದು ಅದನ್ನು ತಂದು ಮೊಳೆಗೆ ತೂಗುಹಾಕಿದೆ. ಆದರೆ ಹಂಚಿಕೆಯ ಕಂಪ್ಯೂಟರಿಗೆ ಕಿಟಕಿಯಿಲ್ಲದ ಕಾರಣ ಟವೆಲ್ಲಿನ ಶಾಸ್ತ್ರ ಅಲ್ಲಿ ನಡೆಯಲಿಲ್ಲ. ಮೊದಲ ಸುತ್ತು ಹೋಯಿತು, ಎರಡನೆಯದು ಹೋಯಿತು, ಕೊನೆಯ ಸುತ್ತೂ ಹೋಯಿತು. ಸಿಂಧುವಿನ ಹೆಸರು ಎಲ್ಲಿಯೂ ಬರಲಿಲ್ಲ.

ಸೀಟು ಬಾರದ್ದಕ್ಕಿಂತ ಹೆಚ್ಚಿನ ತೊಂದರೆ ಬಿರುದಿನದು. ಕೋಟು ಮನೆಗೆ ಬಂದ ದಿನದಿಂದಲೇ ಬೀದಿಯವರು ಅವಳನ್ನು ‘ಡಾಕ್ಟ್ರಮ್ಮ’ ಎಂದು ಕರೆಯತೊಡಗಿದ್ದರು. ಬಿರುದು ಕೊಡುವುದಕ್ಕೆ ನಮ್ಮಲ್ಲಿ ಪದ್ಧತಿಯಿದೆ, ವಾಪಸು ಪಡೆಯುವುದಕ್ಕೆ ಇಲ್ಲ. ಎದುರುಮನೆಯ ಪುಟ್ಟತಾಯಮ್ಮ ಸಂಜೆಯಾದರೆ ಜಗಲಿಯ ಮೇಲೆ ಬಂದು ಕೂತು, ಸೀರೆಯನ್ನು ಮಂಡಿಯವರೆಗೆ ಸರಿಸಿ, “ಇಲ್ಲೇ ಕಣ್ ಡಾಕ್ಟ್ರಮ್ಮ, ಚುಳುಕ್ ಅಂತದೆ” ಎನ್ನುತ್ತಿದ್ದಳು. “ನಾನಿನ್ನೂ ಡಾಕ್ಟ್ರಲ್ಲಜ್ಜಿ” ಎಂದರೆ, “ನೀನ್ ಆಗೋಗಂಟ ಅದು ಕಾಯಕ್ಕಿಲ್ಲ ಕಣ್ ಮಗ” ಎಂಬ ಉತ್ತರ. ಸೀಟು ಸಿಗಲಿಲ್ಲವೆಂಬ ಸುದ್ದಿ ಊರೆಲ್ಲ ಹರಡಿದ ಮೇಲೂ ಆ ಮಂಡಿ ಬರುವುದನ್ನು ನಿಲ್ಲಿಸಲಿಲ್ಲ.

ಸಿಂಧು ಮಾತು ಕಡಿಮೆ ಮಾಡಿದಳು. ಕೋಟನ್ನು ಮೊಳೆಯಿಂದ ತೆಗೆದು ಮಡಿಸಿ ಅಟ್ಟದ ಮೇಲಿಟ್ಟಳು. ಸಾಲಿಗ್ರಾಮದಿಂದ ಅವಳ ಸೋದರಮಾವ ಬಂದು, ಒಂದು ಪದವಿ ಅಂತ ಮಾಡಿಕೊಂಡರೆ ಸಾಕು, ಸೇರುವ ಕೊನೆಯ ದಿನ ಇನ್ನೂ ಕಳೆದಿಲ್ಲ, ಸೋಮವಾರ ಕಾಲೇಜಿಗೆ ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿದಾಗ ಒಪ್ಪಿ ತಲೆಯಾಡಿಸಿದಳು. “ಇನ್ನೊಂದ್ಸಲ ಬರಿಯಲ್ವೇನವ್ವ?” ಎಂದು ಮಹದೇವ ಕೇಳಿದ್ದಕ್ಕೆ, “ಆಗಲ್ಲ ಅಂತ ಅವ್ರೇ ಹೇಳಿದ್ಮೇಲೆ ಮತ್ತೆ ಹೋಗಿ ನಿಂತ್ಕೊಳಕ್ಕೆ ನಂಗ್ ನಾಚಿಕೆ ಆಗುತ್ತಪ್ಪ” ಎಂದಳು. ಸೀಟಿಗೆ ಆಗಬೇಕೆಂದು ಇಲಿಯಾಸ್ ಹೊಲಿದ ನಾಚಿಕೆ ಹೀಗೆ ಅಳತೆ ತಪ್ಪಿ ಮಗುವಿಗೆ ಆಗಿತ್ತು. ಎಳವೆಯಿಂದ ಕೋಳಿಮರಿಯ ಕಾಲಿಗೂ ಪಟ್ಟಿ ಕಟ್ಟುತ್ತಿದ್ದ ಹುಡುಗಿ ಹಾಗೆ ಸುಲಭವಾಗಿ ತಲೆಯಾಡಿಸಿದ್ದು ನನಗೆ ಸಹ್ಯವಾಗಲಿಲ್ಲ. ಆದರೆ ಸಂಧಿ ಸಮಾಸಗಳನ್ನು ಬಿಡಿಸುವುದೊಂದನ್ನು ಬಿಟ್ಟರೆ ಬೇರೇನನ್ನೂ ಬಿಡಿಸಿ ಅಭ್ಯಾಸವಿಲ್ಲದ ನಾನು ಏನು ತಾನೆ ಹೇಳಿಯೇನು?

ಆ ಶನಿವಾರ ಮಹದೇವ ಹೊಗೆಸೊಪ್ಪಿನ ಹರಾಜಿಗೆ ಹೋಗಿದ್ದ. ಅದರ ಕ್ರಮ ತಿಳಿಯದವರಿಗಾಗಿ ಒಂದು ಮಾತು: ಹದ ಮಾಡಿ ಒಣಗಿಸಿದ ಸೊಪ್ಪನ್ನು ಬಣ್ಣ ನೋಡಿ ವಿಂಗಡಿಸಿ, ಗೋಣಿಬಟ್ಟೆಯಲ್ಲಿ ಬಿಗಿದು ಬೇಲು ಮಾಡಿ ಹರಾಜಿನಲ್ಲಿ ಸಾಲಾಗಿ ಇಡುತ್ತಾರೆ. ಕೊಳ್ಳುವವರು ಬೆಲೆ ಕೂಗುತ್ತಾರೆ. ಯಾವ ಬೇಲಿಗೆ ಒಬ್ಬರೂ ಬೆಲೆ ಕೂಗುವುದಿಲ್ಲವೋ ಅದು ‘ನೋ ಬಿಡ್’. ಅದನ್ನು ಹೊತ್ತು ಮನೆಗೆ ತಂದು, ಬಿಚ್ಚಿ, ಮತ್ತೆ ವಿಂಗಡಿಸಿ, ಮತ್ತೆ ಕಟ್ಟಿ ಇನ್ನೊಂದು ದಿನ ಒಯ್ಯಬೇಕು. ಅವ್ವ ಹರಾಜು ನಡೆಯುವ ಜಾಗವನ್ನು ಎಂದೂ ನೋಡಿದವಳಲ್ಲ. ಅಲ್ಲಿಂದ ಬಂದವರ ಬಾಯಿಂದ ಕೇಳಿದವಳು.

ಸಂಜೆ ಗೂಡ್ಸ್ ಆಟೋದಿಂದ ಒಂದು ಬೇಲು ಇಳಿಯಿತು. ಅವ್ವ ಜಗಲಿಯಿಂದಲೇ ವಿಚಾರಣೆ ಆರಂಭಿಸಿದಳು.

“ಏನ್ಲಾ ಮಾದೇವ, ಒಂದು ವಾಪಸ್ ಬಂದದೆ?”

“ನೋ ಬಿಡ್ ಆಯ್ತು ಕಣವ್ವ.”

ಪಕ್ಕದಲ್ಲಿ ಮಂಡಿಸಮೇತ ಕೂತಿದ್ದ ಪುಟ್ಟತಾಯಮ್ಮ, ಊರಿಗೆಲ್ಲ ಗೊತ್ತಿದ್ದುದನ್ನು ತಾನೊಬ್ಬಳೇ ಅರಿಯದೆ, ಒಳಗೆ ಕೂಗಿದಳು: “ಡಾಕ್ಟ್ರಮ್ಮಾ, ನಿನ್ ಸೀಟ್ ಏನಾಯ್ತವ್ವ ಕೊನೆಗೆ?”

ವಾರದಿಂದ ಸರಿಯಾಗಿ ಮಾತಾಡದ ಹುಡುಗಿ ಬಾಗಿಲಿಗೆ ಬಂದು, ಅಪ್ಪನ ಬೇಲನ್ನು ನೋಡಿ, “ನಂದೂ ನೋ ಬಿಡ್ಡೇ ಕಣಜ್ಜಿ” ಎಂದಳು. ಹೇಳುವಾಗ ಅವಳ ಕಣ್ಣು ತುಂಬಿತ್ತು.

ಅವ್ವ ಎಲೆಯಡಿಕೆಯನ್ನು ಅರ್ಧಕ್ಕೆ ನಿಲ್ಲಿಸಿದಳು. “ಯಾನಂದೆ?”

“ನೋ ಬಿಡ್ ಅಜ್ಜಿ. ಬ್ಯಾಡ ಅಂದ್ರು.”

“ಬ್ಯಾಡ ಅಂದ್ರೋ, ನೋ ಬುಡು ಅಂದ್ರೋ? ಸರ್ಯಾಗ್ ಏಳು.”

“ಎರಡೂ ಒಂದೇ ಅಲ್ವಾ ಅಜ್ಜಿ?”

“ಒಂದೆಂಗಾದದು!” ಅವ್ವ ಎದ್ದೇ ನಿಂತಳು. “ಇಷ್ಟ್ ಓದಿ ನಿಂಗ್ ಅಷ್ಟೂ ಗೊತ್ತಿಲ್ವಾ? ಇಂಗ್ಲೀಸ್ನಲ್ಲಿ ನೋ ಅಂದ್ರೆ ಬ್ಯಾಡ. ಬುಡು ಅಂದ್ರೆ ಬುಡೋದು. ನೋ ಬುಡು ಅಂದ್ರೆ ಬುಡಬ್ಯಾಡ ಅಂತ! ಅವ್ರಿಗೆ ಬ್ಯಾಡದಿದ್ರೆ ಸೊಪ್ಪ ಅಲ್ಲೇ ತಿಪ್ಪೆಗ್ ಆಕೋರು. ಬುಡಬ್ಯಾಡ ಕಣಪ್ಪ, ಇನ್ನೊಂದ್ ದಪ ಕಟ್ಕಂಡ್ ಬಾ ಅಂತ ಮರ್ವಾದೆಯಿಂದ ಕಳುಸ್ತಾರೆ. ನಿಮ್ಮಪ್ಪ ವರ್ಸ ವರ್ಸ ಇದೇ ಮಾತ್ ಏಳ್ಕಂಡ್ ಬತ್ತಾನೆ, ಆಮೇಕೆ ತಿರ್ಗಾ ತಗಂಡೋಯ್ತಾನೆ. ಕೇಳು ಬೇಕಾರೆ.”

ಮಹದೇವ ನನ್ನ ಮುಖ ನೋಡಿದ. ನಾನು ಮಹದೇವನ ಮುಖ ನೋಡಿದೆ. ಅವ್ವ ಇಷ್ಟು ವರ್ಷ ಹರಾಜು ನಡೆಸುವವರನ್ನು ಪರಮ ದಯಾಳುಗಳೆಂದು ಏಕೆ ಹೊಗಳುತ್ತಿದ್ದಳು ಎಂಬುದು ನಮಗೆ ಆ ಗಳಿಗೆಯಲ್ಲಿ ಹೊಳೆಯಿತು. ಸಿಂಧು ಬಾಗಿಲಿನ ಚೌಕಟ್ಟು ಹಿಡಿದು, ತುಂಬಿದ ಕಣ್ಣಿನಲ್ಲೇ, ಬಿಕ್ಕಳಿಕೆ ಬರುವಷ್ಟು ನಕ್ಕಳು. ನಗುವಿನ ಕಾರಣ ತಿಳಿಯದ ಪುಟ್ಟತಾಯಮ್ಮ ತನ್ನ ಮಂಡಿಯನ್ನು ಕಂಡೇ ಅವಳು ನಗುತ್ತಿದ್ದಾಳೆಂದುಕೊಂಡು ಸೀರೆ ಕೆಳಗೆಳೆದುಕೊಂಡಳು.

ಇಲ್ಲಿ ಒಬ್ಬ ವ್ಯಾಕರಣ ಮೇಷ್ಟರ ಧರ್ಮಸಂಕಟವನ್ನು ತಾವು ದಯವಿಟ್ಟು ಊಹಿಸಿಕೊಳ್ಳಬೇಕು. ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಬೆಸೆದರೇ ಅರಿಸಮಾಸವೆಂಬ ದೋಷವಾಗುತ್ತದೆಂದು ಬೆಂಚಿನ ಮೇಲೆ ನಿಲ್ಲಿಸಿ ಕಲಿಸಿದವನು ನಾನು. ಇಂಗ್ಲಿಷಿನ ‘ನೋ’ದ ಹಿಂದೆ ಕನ್ನಡದ ‘ಬಿಡು’ವನ್ನು ನಿಲ್ಲಿಸಿ, ಅದಕ್ಕೆ ನಿಷೇಧಾರ್ಥವನ್ನೂ ಕಲ್ಪಿಸಿ, ಅದರ ಮೇಲೆ ಒಂದು ಜೀವನದರ್ಶನವನ್ನೇ ಕಟ್ಟಿದ ನನ್ನ ಸ್ವಂತ ತಾಯಿಗೆ ಏನೆನ್ನಲಿ? ತಿದ್ದಲು ಬಾಯಿ ತೆರೆದೆ. ಸಿಂಧು ನಗುತ್ತಲೇ ಇದ್ದಳು. ಬಾಯಿ ಮುಚ್ಚಿದೆ. ಕೆಲವು ಶಬ್ದಗಳಿಗೆ ನಿಘಂಟಿನ ಅರ್ಥಕ್ಕಿಂತ ತಪ್ಪು ಅರ್ಥವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂಬ ಸಂಶಯ ನನಗೆ ಅಂದಿನಿಂದ ಶುರುವಾಗಿದೆ. ತಿರಸ್ಕಾರ ಎಂಬ ಶಬ್ದ ಎಷ್ಟು ಭಾರವಾಗಿದೆ ನೋಡಿ. ಉಚ್ಚರಿಸುವಾಗಲೇ ಬಾಗಿಲು ಹಾಕಿದ ಸದ್ದು ಬರುತ್ತದೆ. ‘ನೋ ಬುಡು’ ಎಂಬಲ್ಲಿ ಬಾಗಿಲು ಹಾಕಿದವನೇ ಸಂದಿಯಿಂದ ಕೈಬೀಸಿ, ನಾಳೆ ಬಾ ಎಂದಂತಿದೆ.

ಭಾನುವಾರ ಬೆಳಿಗ್ಗೆ ಅವ್ವ ಬೇಲು ಬಿಚ್ಚಿಸಿದಳು, ಮೊಮ್ಮಗಳನ್ನು ಎದುರಿಗೆ ಕೂರಿಸಿಕೊಂಡಳು. ಸೊಪ್ಪಿನ ದೂಳು ಹೊಸ ಸೀರೆಗೆ ಬೀಳುತ್ತದೆಂದು ಅಟ್ಟದಿಂದ ಬಿಳಿ ಕೋಟನ್ನು ತಾನೇ ತೆಗೆಸಿ ತೊಟ್ಟಳು. ಇಲಿಯಾಸ್ ಒಳಗೆ ಬಿಟ್ಟಿದ್ದ ಹೆಚ್ಚುವರಿ ಬಟ್ಟೆಯನ್ನು ಬಿಚ್ಚಿಸದೆಯೇ ಅದು ಅವಳಿಗೆ ಸರಿಯಾಗಿ ಹಿಡಿಸಿತು.

“ನೋಡ್ ಮಗ, ಈ ಬೇಲ್ನಲ್ಲಿ ಸೊಪ್ಪೆಲ್ಲ ಚೆಂದಾಗದೆ. ನಾಕೇ ನಾಕ್ ಕರೀ ಎಲೆ ಸೇರ್ಕಂಡ್ ಎಲ್ಲಾದ್ರ ಎಸ್ರು ಕೆಡ್ಸವೆ.”

“ನನ್ ಫಿಸಿಕ್ಸೂ ಇಂಗೇ ಅಜ್ಜಿ.”

“ಅಂಗಾರೆ ಅದುನ್ನ ತೆಗ್ದು ಬಿಸಾಕು.”

“ಬಿಸಾಕಿದ್ರೆ ಸೀಟೇ ಕೊಡಲ್ಲ.”

ಅವ್ವ ಕೈಲಿದ್ದ ಕರಿ ಎಲೆಯನ್ನು ತಿರುಗಿಸಿ ನೋಡಿದಳು. “ಅಂಗಾರೆ ನಿನ್ ಪರೀಕ್ಸೆ ಸೊಪ್ಪಿಗಿಂತ ಕಷ್ಟ ಬುಡು” ಎಂದು ತನ್ನ ಉಪದೇಶವನ್ನು ಪ್ರಾಮಾಣಿಕವಾಗಿ ಹಿಂತೆಗೆದುಕೊಂಡಳು.

ಸೋಮವಾರ ಸೋದರಮಾವ ಸಾಲಿಗ್ರಾಮದಿಂದ ಬಂದವನು ಊಟ ಮಾಡಿ ಒಬ್ಬನೇ ವಾಪಸಾದ. ಆ ಬೇಲು ಮುಂದಿನ ಹರಾಜಿನಲ್ಲಿ ಮಾರಾಟವಾಯಿತು. “ಬಿಡ್ ಆಯ್ತು ಕಣವ್ವ” ಎಂದು ಮಹದೇವ ಹೇಳಿದಾಗ ಅವ್ವ, “ಊಂ, ಈಗ್ ಬುಡಬೌದು” ಎಂದಳು. ಅವಳ ವ್ಯಾಕರಣದಲ್ಲಿ ಅದಕ್ಕೂ ಜಾಗವಿತ್ತು.

ಮುಂದಿನ ವರ್ಷವನ್ನು ವಿಸ್ತಾರವಾಗಿ ಬಣ್ಣಿಸುವುದಿಲ್ಲ. ಓದುವವರನ್ನು ಹತ್ತಿರದಿಂದ ನೋಡುವುದಕ್ಕಿಂತ ಬೇಸರದ ಕೆಲಸ ಬೇರೊಂದಿಲ್ಲ. ಸಿಂಧು ಹುಣಸೂರಿಗೆ ತರಬೇತಿಗೆ ಹೋದಳು, ಬಂದಳು. ಫಿಸಿಕ್ಸನ್ನು ಬಯ್ದಳು, ಮಾಡಿದಳು. ಮತ್ತೆ ಅರ್ಜಿ ಹಾಕುವ ದಿನ ಕಂಪ್ಯೂಟರ್ ಅಂಗಡಿಯವನು ಫೋಟೋದಲ್ಲಿ ಎರಡೂ ಕಿವಿ ಕಾಣಬೇಕೆಂದು ಅವಳ ಜಡೆಯನ್ನು ಹಿಂದಕ್ಕೆ ಸರಿಸಿಕೊಳ್ಳಲು ಹೇಳಿದ. ಈ ನಿಯಮವೊಂದು ನನಗೆ ಬಹಳ ಮೆಚ್ಚುಗೆಯಾಯಿತು. ಮುಂದೆ ಪುಟ್ಟತಾಯಮ್ಮನಂಥವರ ಮಾತು ಕೇಳಬೇಕಾದವರಿಗೆ ಕಿವಿಗಳಿವೆಯೋ ಇಲ್ಲವೋ ಎಂದು ಮೊದಲೇ ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ಕೋಟು ಮಾತ್ರ ಅವ್ವನ ಮೈಬಿಟ್ಟು ಇಳಿಯಲಿಲ್ಲ. ಮಳೆಗಾಲದಲ್ಲಿ ಹಸಿ ಸೊಪ್ಪು ಮುರಿಯುವ ಕಾಲ ಬಂದಾಗ ಅದರ ಅಂಟು ಹಿಡಿದು ಕೋಟು ಮೊದಲು ಕೆನೆಯ ಬಣ್ಣಕ್ಕೆ, ಆಮೇಲೆ ಚಹಾದ ಬಣ್ಣಕ್ಕೆ, ಕಡೆಗೆ ಹೆಸರಿಲ್ಲದ ಬಣ್ಣಕ್ಕೆ ತಿರುಗಿತು. ಒಗೆದರೆ ನೀರು ಕೆಟ್ಟಿತೇ ಹೊರತು ಕೋಟು ಸರಿಯಾಗಲಿಲ್ಲ. ಸಂಜೆಯಾದರೆ ಅದು ಮತ್ತೆ ಅದೇ ಮೊಳೆಗೆ ಬಂದು ತೂಗುತ್ತಿತ್ತು. ಸಿಂಧು ಓದುತ್ತ ತಲೆಯೆತ್ತಿದರೆ ಎದುರಿಗೆ ಅದೇ. ನಾಚಿಕೆಯಿಂದ ಅಟ್ಟಕ್ಕೆ ಹೋಗಿದ್ದ ವಸ್ತು ಹೀಗೆ ದುಡಿದು, ಮಾಸಿ, ವಾಸನೆ ಹಿಡಿದು ಮನೆಯವರಲ್ಲಿ ಒಂದಾದ ಮೇಲೆ, ಅದನ್ನು ನೋಡಿ ಯಾರಿಗೂ ಏನೂ ಅನ್ನಿಸುತ್ತಿರಲಿಲ್ಲ. ಬಿಳಿಯಾಗಿದ್ದಾಗ ಅದನ್ನು ಕಂಡರೆ ನಮಗೆಲ್ಲ ಭಯವಿತ್ತೆಂಬುದು ಆಗ ತಿಳಿಯಿತು.

ಈ ಸಲ ಎರಡನೆಯ ಸುತ್ತಿನಲ್ಲಿ ಹೆಸರು ಬಂತು. ಸರ್ಕಾರಿ ಕಾಲೇಜು, ಹಾಸ್ಟೆಲ್ಲು. ನಾನು ಇಲಿಯಾಸನ ಅಂಗಡಿಗೆ ಓಡಿದೆ. “ಬಟ್ಟೆ ಆಗ್ಲೇ ಕಟ್ ಮಾಡಿಟ್ಟಿದ್ದೆ ಮೇಷ್ಟ್ರೇ. ಹೋದ್ಸಲದ ಹಾಗೆ ಹೊಲಿದಿರ್ಲಿಲ್ಲ. ಕತ್ತರಿಸೋದು ಬೇರೆ, ಹೊಲಿಯೋದು ಬೇರೆ. ಅಪಶಕುನ ಲೆಕ್ಕಕ್ಕೆ ಬರಲ್ಲ” ಎಂದು ಅವನು ಸೂಜಿಗೆ ದಾರ ಪೋಣಿಸಿದ.

ಹೊರಡುವ ಬೆಳಿಗ್ಗೆ ಸಿಂಧು ಅವ್ವನ ಕಾಲು ಮುಟ್ಟಿದಾಗ ಅವ್ವ ಆ ಮಾಸಲು ಕೋಟಿನಲ್ಲಿಯೇ ಇದ್ದಳು. ಮೇಲೆತ್ತಿದವಳು ಮೊಮ್ಮಗಳ ಕೈಯನ್ನು ಹಿಡಿದುಕೊಂಡೇ ನಿಂತಳು. ಬಸ್ಸಿನ ಹೊತ್ತಾಯಿತೆಂದು ಮಹದೇವ ಎರಡು ಸಲ ಕೆಮ್ಮಿದ.

“ಅವ್ವ, ಬಿಡ್ ಆಗದೆ ಕಣವ್ವ” ಎಂದ ಕೊನೆಗೆ.

“ಗೊತ್ತು ಕಣ್ಲಾ, ಗೊತ್ತು. ಬುಡ್ತೀನಿ ತಡಿ” ಎಂದಳು ಅವ್ವ. ಆಮೇಲೂ ಸ್ವಲ್ಪ ಹೊತ್ತು ಬಿಡಲಿಲ್ಲ.

ಸಿಂಧು ಈಗ ಮೊದಲ ವರ್ಷದಲ್ಲಿದ್ದಾಳೆ. ಅವ್ವನ ಪಾಲಾದ ಹಳೆಯ ಕೋಟು ಅದೇ ಮೊಳೆಯಲ್ಲಿದೆ.